ಬಾಯುಪಚಾರದ ಕರೆ

ನಾನು ಹುಟ್ಟಿ ಬೆಳೆದ ಧಾರವಾಡದ ಬಗ್ಗೆ ಹೊರಗಿನವರು ಒಂದು ನಗೆಮಾತು ಹೇಳುತ್ತಾರೆ. ಮನೆಗೆ ಬಂದವರನ್ನು ನಾವು ‘ಉಂಡು ಬಂದೀರೋ, ಹೋಗಿ ಉಣ್ಣವರೋ?’ ಎಂದು ಕೇಳುತ್ತೇವಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯಲ್ಲಿ ಅಂಥದ್ದು ನಡೆದದ್ದೇ ಇಲ್ಲ. ನಮ್ಮವ್ವ ಬಾಗಿಲಿಗೆ ಬಂದ ಅಂಚೆಯವನನ್ನೂ ‘ಬಾರಪಾ, ಒಂದು ರೊಟ್ಟಿ ತಿಂದು ಹೋಗು’ ಎಂದು ಕರೆಯುತ್ತಿದ್ದಳು. ಅವನು ‘ಈಗ ಆತ್ರೀ ಅವ್ವಾರ’ ಎಂದು ಸೈಕಲ್ ಹತ್ತುತ್ತಿದ್ದ. ಅವನು ಒಳಗೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಬರಲಿ ಎಂದು ಅವಳು ಕರೆದದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ಇದಕ್ಕೇ ಬಾಯುಪಚಾರ ಎನ್ನುತ್ತಾರೆ. ಇದರಲ್ಲಿ ಯಾರಿಗೂ ಮೋಸವಿಲ್ಲ ಎಂದು ನಾನು ಐವತ್ತೆಂಟು ವರ್ಷ ನಂಬಿಕೊಂಡಿದ್ದೆ.

ಈಗ ಹಾಗೆ ನಂಬುವುದಿಲ್ಲ. ಯಾಕೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಮ್ಮ ಮನೆ ಮ್ಯಾಂಚೆಸ್ಟರಿನ ಉತ್ತರದ ಅಂಚಿನಲ್ಲಿದೆ. ನಾನು ಜಿಪಿ, ಅಂದರೆ ಬಡಾವಣೆಯ ಚಿಕಿತ್ಸಾಲಯದ ಡಾಕ್ಟರು; ಗಂಡ ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರು. ಹತ್ತೊಂಬತ್ತು ವರ್ಷದಿಂದ ನಮ್ಮ ಪಕ್ಕದ ಮನೆಯಲ್ಲಿರುವಾಕೆ ಯಹೂದಿ ಹೆಂಗಸು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕಾರು ಮಾರಿಬಿಟ್ಟಳು. ಮಕ್ಕಳು, ಮೊಮ್ಮಕ್ಕಳು ಎರಡು ಬೀದಿ ಆಚೆಗೇ ಇದ್ದಾರೆ. ಶುಕ್ರವಾರ ಸಂಜೆ ಅವರೆಲ್ಲ ಸೇರಿ ಹಾಡುವುದು ನಮ್ಮ ಅಡುಗೆಮನೆಗೂ ಕೇಳುತ್ತದೆ.

ಆಕೆಗೆ ಪ್ರಶ್ನೆ ಕೇಳುವ ರೂಢಿ. ಕೇಳುವುದು ನಮ್ಮನ್ನಲ್ಲ, ತನ್ನ ಗುರುಗಳಾದ ರಬ್ಬಿಯನ್ನು. ಅವರಲ್ಲಿ ಹಾಲು, ಮಾಂಸ ಒಂದಕ್ಕೊಂದು ಸೋಕಬಾರದು; ಹಾಲಿನ ಚಮಚ ತಪ್ಪಿ ಮಾಂಸದ ಪಾತ್ರೆಗೆ ಬಿತ್ತೇ, ರಬ್ಬಿಗೆ ಫೋನು. ಅಷ್ಟು ನನಗೆ ಅರ್ಥವಾಗುತ್ತಿತ್ತು. ಮಡಿ ಮೈಲಿಗೆಯ ಮನೆಗಳನ್ನು ನಾನೂ ಊರಲ್ಲಿ ಕಂಡವಳೇ. ಆದರೆ ಆಕೆಯ ಪ್ರಶ್ನೆಗಳು ಅಡುಗೆಮನೆಗೆ ನಿಲ್ಲುತ್ತಿರಲಿಲ್ಲ. ನಮ್ಮ ಹಿತ್ತಲಿನ ಸೇಬಿನ ಮರದ ಒಂದು ಕೊಂಬೆ ಬೇಲಿ ದಾಟಿ ಆಕೆಯ ಹುಲ್ಲಿನ ಮೇಲೆ ಬಾಗಿದೆ. ನಾವು ಬಂದ ಮೊದಲ ವರ್ಷವೇ, ಬಿದ್ದ ಸೇಬನ್ನೆಲ್ಲ ಆರಿಸಿ ಒಂದು ಬಕೆಟ್ಟಿನಲ್ಲಿ ತುಂಬಿ ತಂದಳು. ‘ನೀವೇ ಇಟ್ಟುಕೊಳ್ಳಿ’ ಎಂದೆ. ಮರುದಿನ ಮತ್ತೆ ಬಂದಳು, ಕೈಯಲ್ಲಿ ಅದೇ ಬಕೆಟ್ಟು.

“ನೀವೇನೋ ಇಟ್ಟುಕೊಳ್ಳಿ ಅಂದಿರಿ. ಮರ ನಿಮ್ಮ ಯಜಮಾನರದ್ದೂ ಹೌದಲ್ಲ? ಅವರನ್ನೂ ಒಂದು ಮಾತು ಕೇಳು ಅಂತ ನಮ್ಮ ರಬ್ಬಿ ಹೇಳಿದರು.”

ಈ ಕತೆಯನ್ನು ನಾನು ನಾಟಿಂಗ್‌ಹ್ಯಾಮಿನ ಗೆಳತಿಯರ ಮನೆಯ ಊಟಗಳಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಬಕೆಟ್ಟು ಹಿಡಿದು ನಿಲ್ಲುವ ಭಂಗಿಯನ್ನೂ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಜನರನ್ನು ನಗಿಸುವುದು ನನ್ನ ಚಟ, ಅದಕ್ಕೆ ಯಾರಾದರೂ ಆದೀತು.

ಇನ್ನೊಂದು ಕತೆಯೂ ಇತ್ತು. ಒಮ್ಮೆ ನಾವಿಬ್ಬರೂ ಪರದೆ ತರಲು ಒಂದು ಅಂಗಡಿಗೆ ಹೋಗಿದ್ದೆವು. ಪರದೆ ಕೊಂಡ ಮೇಲೆ ನಾನು ಪಕ್ಕದ ಸೋಫಾ ಅಂಗಡಿಗೆ ನುಗ್ಗಿ ಒಂದೊಂದರ ಮೇಲೂ ಕೂತು, ಬೆಲೆ ಕೇಳಿ, ಬೇರೆ ಬಣ್ಣ ಇದೆಯಾ ಎಂದು ವಿಚಾರಿಸಿ ಹೊರಗೆ ಬಂದೆ. ಆಕೆ ಅಷ್ಟು ಹೊತ್ತೂ ಬಾಗಿಲ ಹೊರಗೇ ನಿಂತಿದ್ದಳು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕೇಳಬಾರದಂತೆ. ಮಾರುವವನಲ್ಲಿ ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದಂತೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಿ ಬರಿಗೈಲಿ ಎದ್ದು ಬರುವ ಮನೆತನ ನಮ್ಮದು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಆಕೆ ತುಂಬಾ ನಕ್ಕಳು. ಆಮೇಲೆ, “ಆ ಐವತ್ತು ಸೀರೆಗಳನ್ನು ಮತ್ತೆ ಮಡಿಸುವವರು ಯಾರು?” ಎಂದು ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು. ಗೆಳತಿಯರಿಗೆ ಕತೆ ಹೇಳುವಾಗ ಆ ಪ್ರಶ್ನೆಯನ್ನು ಬಿಟ್ಟುಬಿಡುತ್ತಿದ್ದೆ.

ಪ್ರತಿ ವರ್ಷ ಸೇಬು ಬೀಳುವ ಕಾಲದಲ್ಲಿ ಅವರಿಗೆ ದೊಡ್ಡ ಉಪವಾಸದ ದಿನ ಬರುತ್ತದೆ. ಅದಕ್ಕೆ ಮೊದಲು ಆಕೆ ಬೇಲಿಯ ಹತ್ತಿರ ಬಂದು, “ಈ ವರ್ಷ ನನ್ನಿಂದ ನಿಮಗೇನಾದರೂ ನೋವಾಗಿದ್ದರೆ ಕ್ಷಮಿಸಿ” ಎನ್ನುತ್ತಿದ್ದಳು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಕ್ಷಮಿಸಬೇಕಂತೆ, ದೇವರು ನಡುವೆ ಬರುವುದಿಲ್ಲವಂತೆ. ‘ಛೇ ಛೇ, ನಿಮ್ಮಿಂದ ನಮಗೇನ್ರಿ ನೋವು’ ಎಂದು ನಾನು ದೊಡ್ಡ ಮನಸ್ಸಿನವಳ ಹಾಗೆ ಕೈಯಾಡಿಸುತ್ತಿದ್ದೆ. ತಿರುಗಿ ನಾನೂ ಅದೇ ಮಾತು ಕೇಳಬಹುದಿತ್ತು ಎಂದು ಒಂದು ವರ್ಷವೂ ಹೊಳೆಯಲಿಲ್ಲ.

ಹೋದ ವರ್ಷ ನನ್ನ ಮಗಳ ಮದುವೆ ಗೊತ್ತಾಗಿ, ನಿಶ್ಚಯ ನಮ್ಮ ಮನೆಯಲ್ಲೇ ಎಂದಾಯಿತು. ಹುಡುಗನ ಕಡೆಯವರು ಸೊಲಿಹಲ್‌ನಲ್ಲಿರುವ ಬೆಂಗಳೂರಿನವರು. ಸೊಲಿಹಲ್‌ನವರು ಅಂದರೆ ಹಾಲು ತರಲೂ ಕಾರು ತೆಗೆಯುವ ಜನ. ಅಲ್ಲಿಂದ ಏಳು ಕಾರು, ಕೊವೆಂಟ್ರಿಯಿಂದ ಎರಡು, ನಾಟಿಂಗ್‌ಹ್ಯಾಮಿನಿಂದ ಮೂರು. ನಮ್ಮದು ಇಕ್ಕಟ್ಟಿನ ಬೀದಿ, ಒಂದು ಬದಿಗೆ ಪೂರ್ತಿ ಹಳದಿ ಗೆರೆ, ಅಲ್ಲಿ ಕಾರು ನಿಲ್ಲಿಸುವಂತಿಲ್ಲ.

“ಇಷ್ಟ ಕಾರು ಎಲ್ಲಿ ನಿಂದರಸ್ತಿ? ನಮ್ಮ ತಲಿ ಮ್ಯಾಲೇನು?” ಎಂದ ನನ್ನ ಗಂಡ.

“ಪಕ್ಕದ ಮನಿ ಮುಂದ ಖಾಲಿ ಅದ ಅಲ್ಲ. ಮೂರು ಕಾರು ಆರಾಮ ಹಿಡಿತಾವ.”

“ಕೇಳು ಮತ್ತ. ಆದ್ರ ಬರೇ ಜಾಗಾ ಕೇಳಿದ್ರ ಚೊಲೊ ಕಾಣಂಗಿಲ್ಲ. ಊಟಕ್ಕೂ ಬರ್ರಿ ಅಂತ ಒಂದು ಮಾತು ಹೇಳಿಬಿಡು.”

“ಆಕಿ ಬರಂಗಿಲ್ಲ ಬಿಡು. ನಮ್ಮ ಮನ್ಯಾಗ ನೀರು ಸೈತ ಕುಡಿಯಂಗಿಲ್ಲ ಆಕಿ.”

“ಅದಕ್ಕ ಹೇಳಿದ್ದು. ಕರದಂಗೂ ಆಗ್ತದ, ಬಂದಂಗೂ ಆಗಂಗಿಲ್ಲ.”

ನಾವಿಬ್ಬರೂ ನಕ್ಕೆವು. ಇದನ್ನು ಬರೆಯಲೇಬೇಕು: ನಾವು ನಕ್ಕೆವು.

ಕರೆಯಬೇಕಾದವರನ್ನು ನಾವು ಹೇಗೆ ಕರೆಯುತ್ತೇವೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಗಂಡಹೆಂಡತಿ ಇಬ್ಬರೂ ಮನೆಗೆ ಹೋಗಿ, ಕುಂಕುಮ ಕೊಟ್ಟು, ಕೂತು ಒಂದು ಲೋಟ ಏನಾದರೂ ಕುಡಿದು ಕರೆಯಬೇಕು. ನಾಟಿಂಗ್‌ಹ್ಯಾಮಿನ ತನಕ ಹೋಗಿ ಹಾಗೆ ಕರೆದು ಬಂದಿದ್ದೆವು. ಪಕ್ಕದ ಮನೆಗೆ ಮಾತ್ರ ನಾನು ಬಟ್ಟೆ ಒಣಹಾಕುತ್ತಾ ಬೇಲಿಯ ಮೇಲಿಂದಲೇ ಹೇಳಿದೆ. ಮೊದಲು ಕಾರಿನ ಮಾತು. ಆಕೆ ಕೂಡಲೇ ಒಪ್ಪಿದಳು, ನಾನು ನಾಚಿಕೊಳ್ಳುವಷ್ಟು ಸಂತೋಷದಿಂದ. ಆಮೇಲೆ ನಾನು ಬಾಯಿಗೆ ಬೆಲ್ಲ ಸವರಿಕೊಂಡೆ: “ನೀವು ಊಟಕ್ಕೆ ಬರಲೇಬೇಕು. ನಮ್ಮ ಹುಡುಗಿ ನಿಮ್ಮ ಕಣ್ಣೆದುರೇ ಬೆಳೆದವಳು. ನೀವು ಬರದಿದ್ದರೆ ನಮ್ಮ ಕಾರ್ಯಕ್ಕೆ ಕಳೆಯೇ ಇಲ್ಲ.”

ಆಕೆ, “ಕೇಳಿ ಹೇಳುತ್ತೇನೆ” ಎಂದಳು. ಅದು ಇಲ್ಲ ಎನ್ನುವುದಕ್ಕೆ ಆಕೆಯ ಮರ್ಯಾದೆಯ ರೀತಿ ಎಂದುಕೊಂಡೆ. ಮರುದಿನ, “ಬರುತ್ತೇನೆ, ತುಂಬಾ ಸಂತೋಷ” ಎಂದಳು. ಅದನ್ನೂ ನಾನು ನಮ್ಮ ಲೆಕ್ಕದಲ್ಲೇ ತೆಗೆದುಕೊಂಡೆ. ನಮ್ಮಲ್ಲಿ ಬರದವರೂ ‘ಆಗಲಿ, ಬರ್ತೀವ್ರಿ’ ಎಂದೇ ಹೇಳುವುದು.

ಮುಂದಿನ ಎರಡು ವಾರ ಆಕೆ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ ಏನಾದರೂ ಕೇಳುತ್ತಿದ್ದಳು. ನಿಮ್ಮ ಪೂಜೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಮುಗಿಯುವುದು ಎಷ್ಟಕ್ಕೆ? ಮುಗಿದದ್ದು ಹೊರಗಿನವರಿಗೆ ಹೇಗೆ ತಿಳಿಯುತ್ತದೆ? ಕೊನೆಗೆ ಆರತಿ, ಗಂಟೆ ಬಾರಿಸುತ್ತೇವೆ, ಸುಮಾರು ಒಂದೂವರೆಗೆ ಎಂದೆ. ಹಣ್ಣು ಇಡುತ್ತೀರಾ, ಕತ್ತರಿಸದೆ ಇಡುತ್ತೀರಾ ಎಂದೂ ಕೇಳಿದಳು. ನನಗೆ ಕೈತುಂಬ ಕೆಲಸ, ತಲೆತುಂಬ ಯೋಚನೆ. “ಆಕಿಗೆ ನಮ್ಮ ಕಾರು ಎಷ್ಟೊತ್ತಿಗೆ ಹೋಗ್ತಾವ ಅನ್ನೂದ ಚಿಂತಿ ಆಗೇದ” ಎಂದು ಗಂಡನಿಗೆ ಹೇಳಿದೆ. ಹಣ್ಣಿನ ಮಾತು ಆ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅದನ್ನು ಯೋಚಿಸುವ ಗೋಜಿಗೆ ನಾನು ಹೋಗಲಿಲ್ಲ.

ನಿಶ್ಚಯದ ಭಾನುವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಕೊವೆಂಟ್ರಿಯಿಂದ ಬಂದ ಅಯ್ಯನವರು ವಾರವೆಲ್ಲ ಕಾರು ಕಂಪನಿಯ ಇಂಜಿನಿಯರ್, ಭಾನುವಾರ ಮಾತ್ರ ನಮಗೆ ಅಯ್ಯನವರು. ಪೂಜೆ ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿದರು. ಆರತಿಯಾಯಿತು, ಗಂಟೆ ನಿಂತಿತು. ಹಿತ್ತಲಿನಲ್ಲಿ ಡೇರೆ ಹಾಕಿಸಿ ಮೂವತ್ತಾರು ಕುರ್ಚಿ ಇಡಿಸಿದ್ದೆ, ತಲೆಗೊಂದು. ಮೊದಲ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಮುಂಬಾಗಿಲ ಕರೆಗಂಟೆ ಸದ್ದಾಯಿತು. ಕೈಯಲ್ಲಿ ತುಪ್ಪದ ಗಿಂಡಿ ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದೆ. ನನ್ನ ಹಿಂದೆಯೇ ಬೀಗಿತ್ತಿ ಬಂದು ನಿಂತರು.

ಪಕ್ಕದ ಮನೆಯಾಕೆ ನಿಂತಿದ್ದಳು. ಹಬ್ಬಕ್ಕೆ ಮಾತ್ರ ಹಾಕುವ ನೀಲಿ ಟೋಪಿ, ಇಸ್ತ್ರಿ ಮಾಡಿದ ನೀಲಿ ಕೋಟು. ಒಂದು ಕೈಯಲ್ಲಿ ರಿಬ್ಬನ್ ಕಟ್ಟಿದ ಚೀಲ. ಇನ್ನೊಂದು ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ್ದು ಏನೋ, ಅಂಚಿನಲ್ಲಿ ಒಂದು ಕಾಗದದ ತಟ್ಟೆ ಕಾಣುತ್ತಿತ್ತು.

ಅವಳನ್ನು ನೋಡಿ ನನ್ನ ಬಾಯಿಂದ ಬಂದ ಮಾತು ಇದು: “ಏನಾಯಿತು? ಕಾರು ಅಡ್ಡ ಆಯಿತಾ?”

ಕಾರೇ ಇಲ್ಲದ ಹೆಂಗಸನ್ನು ನಾನು ಹಾಗೆ ಕೇಳಿದೆ.

ಆಕೆಯ ಮುಖ ಬದಲಾದದ್ದನ್ನು ನಾನು ನೋಡಿದೆ. ಪರೀಕ್ಷೆಯ ಫಲಿತಾಂಶ ಚೆನ್ನಾಗಿಲ್ಲ ಎಂದು ಹೇಳುವ ಮೊದಲೇ ರೋಗಿಗಳಿಗೆ ತಿಳಿದುಬಿಡುವುದನ್ನು ದಿನಾ ನೋಡುವವಳು ನಾನು. ಆಕೆ ನನ್ನನ್ನು ನೋಡಿದಳು, ನನ್ನ ಹಿಂದಿದ್ದ ರೇಷ್ಮೆ ಸೀರೆಯ ಬೀಗಿತ್ತಿಯನ್ನು ನೋಡಿದಳು. ರಿಬ್ಬನ್ನಿನ ಚೀಲ ಮೆಲ್ಲಗೆ ಕೋಟಿನ ಹಿಂದೆ ಸರಿಯಿತು.

“ಹೌದು, ಆ ಬೂದು ಬಣ್ಣದ ಕಾರು. ನಾಳೆ ಕಸದವರು ಬರುತ್ತಾರಲ್ಲ, ಬಿನ್ ಹೊರಗಿಡಬೇಕಿತ್ತು. ತೊಂದರೆ ಕೊಟ್ಟೆ, ಕ್ಷಮಿಸಿ.”

ಉದುರಿದ ಸೇಬಿಗೆ ಇಬ್ಬರ ಒಪ್ಪಿಗೆ ಕೇಳುವವಳು, ಬೆಲೆ ಕೇಳಲು ಅಂಗಡಿಯ ಹೊಸ್ತಿಲು ದಾಟದವಳು, ನನ್ನ ಹೊಸ್ತಿಲ ಮೇಲೆ ನಿಂತು ನನ್ನ ಮರ್ಯಾದೆಗಾಗಿ ಸುಳ್ಳು ಹೇಳಿದಳು.

“ಯಾರದು? ನಿಮ್ಮ ನೇಬರ್ರಾ? ಅಯ್ಯೋ, ಒಳಗೆ ಕರೀರಿ, ಊಟ ಮಾಡ್ಕೊಂಡು ಹೋಗ್ಲಿ” ಎಂದರು ಬೀಗಿತ್ತಿ.

ಆಗಲೂ ಕಾಲ ಮಿಂಚಿರಲಿಲ್ಲ. ‘ಬನ್ನಿ, ನಿಮಗಾಗಿಯೇ ಕಾಯುತ್ತಿದ್ದೆವು’ ಎಂದು ಕೈಹಿಡಿದು ಕರೆದಿದ್ದರೆ ಆಗಿಹೋಗುತ್ತಿತ್ತು. ನಾನು ಹೇಳಿದ್ದು, “ಅವರು ಹೊರಗೆ ಏನೂ ತಿನ್ನೋದಿಲ್ಲ, ಪಾಪ. ಅವರದು ಭಾಳ ಕಟ್ಟುನಿಟ್ಟು.” ನಗುತ್ತಲೇ ಹೇಳಿದೆ. ಆಕೆಗೆ ಕನ್ನಡ ಬರುವುದಿಲ್ಲ, ಆದರೆ ನನ್ನ ನಗೆ ಯಾವ ಭಾಷೆಯಲ್ಲೂ ತಿಳಿಯುವಂಥದ್ದು. ಹುಡುಗನ ಚಿಕ್ಕಪ್ಪ ಬೆರಳು ತೊಳೆದುಕೊಂಡು ಹೋಗಿ, ಯಾರಿಗೂ ಅಡ್ಡವಿಲ್ಲದ ಕಾರನ್ನು ಎರಡು ಗಜ ಹಿಂದೆ ತೆಗೆದರು. ಆಕೆ ತನ್ನ ಖಾಲಿ ಬಿನ್ನನ್ನು ಬೀದಿಯ ತನಕ ಎಳೆದುಕೊಂಡು ಹೋದಳು. ಟೋಪಿ ಇನ್ನೂ ತಲೆಯ ಮೇಲೇ ಇತ್ತು.

ಸಂಜೆ ಎಲ್ಲರೂ ಹೋದ ಮೇಲೆ ಮಗಳು ನನ್ನ ಎದುರಿಗೆ ಬಂದು ನಿಂತಳು. ಟೋಪಿ ಹಾಕಿ ಬಾಗಿಲಿಗೆ ಬಂದಾಕೆಯನ್ನು ಅವಳೂ ನೋಡಿದ್ದಳು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಮ್ಮಾ, ಡಿಡ್ ಯು ಇನ್ವೈಟ್ ಹರ್ ಆರ್ ನಾಟ್?”

“ಕರದಿದ್ದೆ. ಆದ್ರ ಆಕಿ ಬರ್ತಾಳ ಅಂತ ಯಾರಿಗೆ ಗೊತ್ತಿತ್ತು?”

“ದೆನ್ ವೈ ಡಿಡ್ ಯು ಆಸ್ಕ್?”

ಬಾಯುಪಚಾರ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ. ಹೇಗೆ ಹೇಳಿದರೂ ಅದು ಸುಳ್ಳು ಎಂದೇ ಕೇಳಿಸುತ್ತಿತ್ತು. ಮಗಳು ಉತ್ತರಕ್ಕೆ ಕಾಯಲಿಲ್ಲ, ಒಂದು ಹೂವಿನ ಗೊಂಚಲು ತೆಗೆದುಕೊಂಡು ಪಕ್ಕದ ಮನೆಗೆ ಹೋದಳು. ಬರುವಾಗ ಆ ರಿಬ್ಬನ್ನಿನ ಚೀಲ ಅವಳ ಕೈಯಲ್ಲಿತ್ತು. ಒಳಗೆ ಮೇಜಿಗೆ ಹಾಸುವ ಬಿಳಿ ಬಟ್ಟೆ, ನಾಲ್ಕೂ ಅಂಚಿಗೆ ಕೈಯಿಂದ ಹಾಕಿದ ಕಸೂತಿ. ಎರಡು ವಾರದಲ್ಲಿ ಮುಗಿಯುವ ಕೆಲಸವಲ್ಲ ಅದು. ನಿಶ್ಚಯದ ಸುದ್ದಿ ಮಗಳ ಬಾಯಿಂದ ಕೇಳಿದ ದಿನವೇ ಶುರು ಮಾಡಿದ್ದಳಂತೆ, ನಾನು ಕರೆಯುವುದಕ್ಕಿಂತ ಎಷ್ಟೋ ಮೊದಲು.

ಮಗಳಿಂದಲೇ ಉಳಿದದ್ದೂ ತಿಳಿಯಿತು. ನನ್ನ ಕರೆಯನ್ನು ಹಿಡಿದುಕೊಂಡು ಆಕೆ ರಬ್ಬಿಗೆ ಮೂರು ಸಲ ಫೋನು ಮಾಡಿದ್ದಳು. ಹೋಗಬಹುದೇ? ಬೇರೆಯವರ ಪೂಜೆ ನಡೆಯುವಲ್ಲಿ ಆಕೆ ಕೂರುವಂತಿಲ್ಲ. ಪೂಜೆ ಮುಗಿದ ಮೇಲೆ ಹೋಗು ಎಂದರಂತೆ. ಏನು ತಿನ್ನಬಹುದು? ಕತ್ತರಿಸದ ಹಣ್ಣು, ತನ್ನದೇ ಚಾಕು, ತನ್ನದೇ ತಟ್ಟೆ. ಬೇರೇನೂ ಮುಟ್ಟದೆ ಹಣ್ಣೊಂದನ್ನೇ ತಿಂದರೆ ಕರೆದವರಿಗೆ ನೋವಾಗುತ್ತದಲ್ಲ, ಅದಕ್ಕೇನು ಮಾಡಲಿ? ಇದು ಮೂರನೆಯ ಪ್ರಶ್ನೆ. ನಮ್ಮ ಗಂಟೆ ನಿಲ್ಲುವುದನ್ನೇ ಕೇಳುತ್ತಾ ಮಹಡಿಯ ಕಿಟಕಿಯ ಹತ್ತಿರ ಟೋಪಿ ಹಾಕಿಕೊಂಡು ಕೂತಿದ್ದಳಂತೆ.

ನನಗೆ ನೋವಾಗದಂತೆ ತಿನ್ನುವುದು ಹೇಗೆ ಎಂದು ಕೇಳಿದ್ದಳು. ನನಗೆ! ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಆಕೆಯ ಕಣ್ಣಿಗೆ ಬೀಳದಂತೆ ಓಡಾಡಿದೆ. ಬಟ್ಟೆಯನ್ನು ಮನೆಯೊಳಗೇ ಒಣಹಾಕಿದೆ. ಉದುರಿದ ಸೇಬು ಆಕೆಯ ಹುಲ್ಲಿನ ಮೇಲೆ ಕೆಂಪಗೆ ಬಿದ್ದಿರುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಉಪವಾಸದ ದಿನ ಹತ್ತಿರ ಬರುತ್ತಿತ್ತು. ಪ್ರತಿ ವರ್ಷದಂತೆ ಆಕೆ ಬೇಲಿಗೆ ಬಂದು ‘ನನ್ನಿಂದ ನೋವಾಗಿದ್ದರೆ ಕ್ಷಮಿಸಿ’ ಎಂದರೆ ನಾನು ಮುಖ ಎಲ್ಲಿಡಲಿ? ಅದಕ್ಕೆ ಮೊದಲೇ ನಾನು ಹೋಗಬೇಕು ಎಂದು ಗೊತ್ತಿತ್ತು. ಹೋಗಿ ಏನು ಹೇಳುವುದು? ‘ನಿಮ್ಮ ಜಾಗ ಬೇಕಾಗಿತ್ತು, ಅದಕ್ಕೆ ಕರೆದೆ, ನೀವು ಬರಲಾರಿರಿ ಎಂದು ತಿಳಿದೇ ಕರೆದೆ’ ಎನ್ನುವುದೇ? ಅದನ್ನು ಕೇಳಿದರೆ ಆಕೆಗೆ ಇನ್ನೂ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ನನಗೆ ಅನುಕೂಲವಾಗಿಯೂ ಇತ್ತು.

ಕೊನೆಗೆ ಒಂದು ಮಧ್ಯಾಹ್ನ ಹೋದೆ. ಆಕೆ ಎಂದಿನಂತೆ ಬಾಗಿಲು ತೆಗೆದು ಒಳಗೆ ಕೂರಿಸಿ ಚಹಾ ಕೊಟ್ಟಳು. ಆ ಮನೆಯಲ್ಲಿ ನಾನು ಎಷ್ಟು ಸಲ ಚಹಾ ಕುಡಿದಿದ್ದೇನೆ! ಅಷ್ಟು ದೂರ ಹೋದವಳು ಎದೆಯಲ್ಲಿದ್ದದ್ದನ್ನು ಹೇಳಬಾರದೇ? ನಾನು ಹೇಳಿದ್ದು ಹೀಗೆ:

“ನಮ್ಮ ಚಿಕಿತ್ಸಾಲಯದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳು ಒಬ್ಬರನ್ನು ಊಟಕ್ಕೆ ಕರೆದಳು. ಅವರು ಬರೋದಿಲ್ಲ ಅಂತ ತಿಳಿದುಕೊಂಡೇ ಕರೆದಳು. ಅವರಿಂದ ಒಂದು ಉಪಕಾರ ಬೇಕಾಗಿತ್ತು. ಈಗ ಅವಳಿಗೆ ಅವರ ಮುಖ ನೋಡಲಾಗುತ್ತಿಲ್ಲ. ನಿಮ್ಮ ಧರ್ಮದಲ್ಲಿ ಇಂಥದ್ದಕ್ಕೆ ಏನು ಹೇಳುತ್ತಾರೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ವಿಚಾರಿಸಲು ಹೋಗಿದ್ದೆ.

ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ಶಾಲೆಯ ಹುಡುಗಿಗೆ ಲೆಕ್ಕ ಬಿಡಿಸಿ ಹೇಳುವಂತೆ ಹೇಳಿದಳು: “ನಮ್ಮಲ್ಲಿ ಅದಕ್ಕೊಂದು ಹೆಸರಿದೆ, ಮನಸ್ಸಿನ ಕಳ್ಳತನ ಅಂತ. ನನಗಾಗಿ ಇಷ್ಟು ಮಾಡಿದರಲ್ಲ ಅನ್ನುವ ಸಂತೋಷವನ್ನು ಎದುರಿನವರಲ್ಲಿ ಹುಟ್ಟಿಸುತ್ತೀರಿ. ಆದರೆ ನೀವು ಅವರಿಗಾಗಿ ಏನೂ ಮಾಡಿಲ್ಲ. ಬರುವುದಿಲ್ಲ ಅಂತ ಗೊತ್ತಿರುವವರನ್ನು ಊಟಕ್ಕೆ ಬನ್ನಿ ಬನ್ನಿ ಅಂತ ಒತ್ತಾಯ ಮಾಡಬಾರದು. ಇದು ತುಂಬಾ ಹಳೆಯ ನಿಯಮ. ಅದಕ್ಕೇ ನಮ್ಮಲ್ಲಿ ಯಾರಾದರೂ ಕರೆದರೆ, ನಿಜವಾಗಿ ಕರೆದಿದ್ದಾರೆ ಅಂತಲೇ ನಾವು ತಿಳಿದುಕೊಳ್ಳೋದು.”

ನಾನು ಕಪ್ಪು ಕೆಳಗಿಟ್ಟೆ.

“ಹಾಗಾದರೆ ಆ ಗೆಳತಿ ಹೋಗಿ ಹೇಳಿಬಿಡಬೇಕಾ? ಹೇಳಿದರೆ ಅವರಿಗೆ ಇನ್ನೂ ನೋವಾಗುವುದಿಲ್ಲವಾ?”

“ಅದು ಒಳ್ಳೆಯ ಪ್ರಶ್ನೆ. ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ” ಎಂದಳು.

ಮರುದಿನ ಇಳಿಹೊತ್ತಿಗೆ ಆಕೆ ಬೇಲಿಯ ಹತ್ತಿರ ಬಂದಳು. ಕೈಯಲ್ಲಿ ಬಕೆಟ್ಟು, ತುಂಬ ಸೇಬು. ನಾನು ಹಿತ್ತಲಿಗೆ ಇಳಿದೆ. ಬಕೆಟ್ಟನ್ನು ಬೇಲಿಯ ಮೇಲಿಂದ ನನ್ನ ಕೈಗೆ ಕೊಡುತ್ತಾ, “ನಿಮ್ಮ ಗೆಳತಿಯ ವಿಷಯ ಕೇಳಿದೆ” ಎಂದಳು.

“ಏನಂದರು?”

“ಇದರಲ್ಲಿ ಹಿಂದಿನ ದೊಡ್ಡ ರಬ್ಬಿಗಳಲ್ಲೇ ಎರಡು ಅಭಿಪ್ರಾಯ ಇದೆಯಂತೆ. ಆದರೆ ತನಗೇನಾಯಿತು ಅಂತ ಆ ಇನ್ನೊಬ್ಬರಿಗೆ ತಿಳಿದೇ ಇಲ್ಲದಿದ್ದರೆ, ತಿಳಿದರೆ ನೋವಾಗುವುದಾದರೆ, ಹೇಳದಿರುವುದೇ ಮೇಲು ಅಂದರು. ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಇನ್ನೊಬ್ಬರ ಮನಸ್ಸು ಭಾರ ಮಾಡಬಾರದು. ಸುಮ್ಮನೆ ಒಳ್ಳೆಯದು ಮಾಡುತ್ತಾ ಹೋಗಲಿ ಅಂದರು.”

ನನ್ನ ಮೈಯೆಲ್ಲ ಸಡಿಲವಾಯಿತು. ಆ ಹಗುರಕ್ಕೂ ಈಗ ನಾಚುತ್ತೇನೆ. ಧರ್ಮವೇ ನನಗೆ ಬಾಯಿಮುಚ್ಚಿಕೊಂಡಿರಲು ಅಪ್ಪಣೆ ಕೊಟ್ಟಿತಲ್ಲ ಎಂದು ಬಕೆಟ್ಟು ಹಿಡಿದುಕೊಂಡು ಮನೆಯ ಕಡೆ ತಿರುಗಿದೆ.

“ಆದರೆ ಅವರು ನನ್ನನ್ನೇ ಒಂದು ಪ್ರಶ್ನೆ ಕೇಳಿದರು” ಎಂದಳು ಆಕೆ, ಹಿಂದಿನಿಂದ.

ನಿಂತೆ.

“ಆ ಇನ್ನೊಬ್ಬ ಹೆಂಗಸಿಗೆ ಗೊತ್ತೋ ಇಲ್ಲವೋ, ಅಂತ ಕೇಳಿದರು.”

“ನೀವು ಏನಂದಿರಿ?”

“ಗೊತ್ತು ಅಂದೆ. ಬಾಗಿಲು ತೆಗೆದಾಗಲೇ ಗೊತ್ತಾಯಿತು ಅಂದೆ.”

ಆಕೆ ಮನೆಯೊಳಗೆ ಹೋಗಲಿಲ್ಲ. ಎರಡೂ ಕೈಗಳನ್ನು ಬೇಲಿಯ ಮೇಲಿಟ್ಟುಕೊಂಡು ಅಲ್ಲೇ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ನನ್ನನ್ನು ಈ ಸಲ ಸುಲಭವಾಗಿ ಬಿಟ್ಟುಬಿಡುವ ಹಾಗೂ ಇರಲಿಲ್ಲ. ಅವತ್ತು ಹೊಸ್ತಿಲಲ್ಲಿ ನನಗಾಗಿ ಮಾತು ಹುಡುಕಿ ಕೊಟ್ಟವಳು ಈಗ ನನಗೇನೂ ಹುಡುಕಿ ಕೊಡಲಿಲ್ಲ.

ನಾನು ಬಕೆಟ್ಟನ್ನು ಹುಲ್ಲಿನ ಮೇಲೆ ಇಳಿಸಿ ಬೇಲಿಯ ಹತ್ತಿರ ಬಂದೆ. ಗೆಳತಿ ಯಾರೂ ಇಲ್ಲ ಎಂದೆ. ಆಮೇಲೆ ಕಾರುಗಳಿಂದ ಶುರು ಮಾಡಿದೆ.